ಹಳೆಯ ನಂಟು ಬಿಡಿಸಿ, ಹೊಸ ನಂಟು ಬೆಸೆಯಿರಿ: ಕ್ಲಸ್ಟರ್ ಡೇಟಾಬೇಸ್ ಸಂಪರ್ಕಕ್ಕೆ 15 ಸೂತ್ರಗಳು

2018ರ ಅಕ್ಟೋಬರ್ 21. ಅಮೆರಿಕದ ಪೂರ್ವ ಕರಾವಳಿಯಲ್ಲಿ ಗಿಟ್‌ಹಬ್‌ಗೆ ಸೇರಿದ ನೆಟ್‌ವರ್ಕ್‌ನಲ್ಲಿ ಕೆಟ್ಟುಹೋಗುತ್ತಿದ್ದ ಒಂದು ಆಪ್ಟಿಕಲ್ ಸಾಧನವನ್ನು ಬದಲಿಸುವ ಕೆಲಸ ನಡೆದಿತ್ತು. ಮಾಮೂಲಿ ಕೆಲಸ. ಆದರೆ ನಡುವೆ 43 ಸೆಕೆಂಡು ಸಂಪರ್ಕ ಕಡಿಯಿತು. ಅಷ್ಟು ಹೊತ್ತಿನಲ್ಲಿ ಆರ್ಕೆಸ್ಟ್ರೇಟರ್ ಎಂಬ ತಂತ್ರಾಂಶ ಪೂರ್ವದ ಮೈಎಸ್‌ಕ್ಯೂಎಲ್ ಪ್ರೈಮರಿಗಳ ಕೈಲಿದ್ದ ಅಧಿಕಾರವನ್ನು ಪಶ್ಚಿಮ ಕರಾವಳಿಯ ಸರ್ವರ್‌ಗಳಿಗೆ ಕೊಟ್ಟುಬಿಟ್ಟಿತು. ಸಂಪರ್ಕ ಮರಳಿದಾಗ ನೋಡಿದರೆ ಇಲ್ಲಿನ ಕೆಲವು ಬರಹ ಅಲ್ಲಿಲ್ಲ, ಅಲ್ಲಿನ ಕೆಲವು ಇಲ್ಲಿಲ್ಲ. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.

ಆರ್ಕೆಸ್ಟ್ರೇಟರ್ ತಪ್ಪು ಮಾಡಿರಲಿಲ್ಲ. ಹೇಳಿಕೊಟ್ಟದ್ದನ್ನೇ ಮಾಡಿತ್ತು. ಆದರೆ ಪೂರ್ವದಲ್ಲಿ ಕುಳಿತ ಅಪ್ಲಿಕೇಶನ್‌ಗಳಿಗೆ ಪ್ರತಿ ಬರಹಕ್ಕೂ ದೇಶದ ಆ ತುದಿಗೆ ಹೋಗಿಬರುವ ಶಕ್ತಿ ಇರಲಿಲ್ಲ.

ನಿಮ್ಮದು ಗಿಟ್‌ಹಬ್‌ನಷ್ಟು ದೊಡ್ಡ ವ್ಯವಸ್ಥೆ ಆಗಿರಬೇಕಿಲ್ಲ. ನಾಲ್ಕು ಅಪ್ಲಿಕೇಶನ್ ಸರ್ವರ್, ಒಂದು ಪ್ರೈಮರಿ, ಎರಡು ರೆಪ್ಲಿಕಾ ಇದ್ದರೂ ಸಾಕು, ಇದೇ ಪ್ರಶ್ನೆ ಎದುರಾಗುತ್ತದೆ: ಡೇಟಾಬೇಸ್ ಜಾಗ ಬದಲಿಸಿದಾಗ ಎಲ್ಲ ಸರ್ವರ್‌ಗಳೂ ಒಟ್ಟಿಗೆ, ರೀಸ್ಟಾರ್ಟ್ ಇಲ್ಲದೆ, ಹೊಸ ಜಾಗ ಹಿಡಿಯುವುದು ಹೇಗೆ? ಹೊಸ ವಿಳಾಸ ಕೊಡುವುದು ಒಂದು ಸಾಲಿನ ಕೆಲಸ. ಹಳೆಯ ನಂಟನ್ನು ಹೊತ್ತಿಗೆ ಸರಿಯಾಗಿ ಬಿಡಿಸುವುದರಲ್ಲೇ ಎಲ್ಲರೂ ಎಡವುವುದು. ಕೆಳಗಿನ ಸೂತ್ರಗಳು ಆ ಎಡವಟ್ಟು ತಪ್ಪಿಸಲು.

1. ವಿಳಾಸ ಕೋಡ್‌ನೊಳಗೆ ಇರಬಾರದು

ಹೋಸ್ಟ್, ಪೋರ್ಟ್, ಬಳಕೆದಾರನ ಹೆಸರು, ಪಾಸ್‌ವರ್ಡ್ ಈ ನಾಲ್ಕೂ ಕೋಡ್‌ನಿಂದ ಹೊರಗಿರಲಿ. ಹಿರೋಕು ಕಂಪನಿಯವರು 2011ರ ಸುಮಾರಿಗೆ ಬರೆದ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ನಿಯಮಗಳಲ್ಲಿ ಇದಕ್ಕೊಂದು ಒಳ್ಳೆಯ ಒರೆಗಲ್ಲಿದೆ: ನಿಮ್ಮ ಕೋಡನ್ನು ಈ ಕ್ಷಣ ಲೋಕಕ್ಕೆಲ್ಲ ತೆರೆದಿಟ್ಟರೆ ಯಾವ ಗುಟ್ಟೂ ಬಯಲಾಗಬಾರದು. ಜಾವಾ ಲೋಕದಲ್ಲಿ ಈ ಬುದ್ಧಿ ಇನ್ನೂ ಹಳೆಯದು. ಜೆಎನ್‌ಡಿಐ ಮೂಲಕ ಅಪ್ಲಿಕೇಶನ್ ಒಂದು ಹೆಸರನ್ನಷ್ಟೇ ಕೇಳುತ್ತದೆ. ಆ ಹೆಸರಿನ ಹಿಂದೆ ಯಾವ ಡೇಟಾಬೇಸ್ ಇದೆ ಎಂಬುದನ್ನು ಟಾಮ್‌ಕ್ಯಾಟ್, ವೆಬ್‌ಲಾಜಿಕ್ ಅಥವಾ ವೆಬ್‌ಸ್ಫಿಯರ್ ನೋಡಿಕೊಳ್ಳುತ್ತದೆ. ಟೆಸ್ಟ್‌ಗೂ ಪ್ರೊಡಕ್ಷನ್‌ಗೂ ಬೇರೆ ಬೇರೆ ಬಿಲ್ಡ್ ಮಾಡುತ್ತಿದ್ದೀರಾದರೆ ಮೊದಲು ಅದನ್ನು ನಿಲ್ಲಿಸಿ.

2. ಯಂತ್ರದ ಹೆಸರು ಬೇಡ, ಹುದ್ದೆಯ ಹೆಸರು ಕೊಡಿ

'ತಹಶೀಲ್ದಾರರಿಗೆ' ಎಂದು ಬರೆದ ಅರ್ಜಿ, ತಹಶೀಲ್ದಾರರು ವರ್ಗವಾಗಿ ಹೋದರೂ ಸರಿಯಾದ ಮೇಜಿಗೇ ತಲುಪುತ್ತದೆ. ಹೆಸರು ಹಾಕಿ ಬರೆದರೆ ಅದು ಆ ವ್ಯಕ್ತಿಯನ್ನು ಹುಡುಕಿಕೊಂಡು ಅಲೆಯುತ್ತದೆ. ಡೇಟಾಬೇಸ್‌ಗೂ ಇದೇ ನ್ಯಾಯ. ಐಪಿ ವಿಳಾಸ ಅಥವಾ 'ಡಿಬಿ ಸರ್ವರ್ 2' ಎಂಬಂಥ ಹೆಸರು ಬೇಡ. 'ಆರ್ಡರ್ ಬರಹ', 'ಆರ್ಡರ್ ಓದು' ಎಂಬಂತೆ ಎರಡು ಹುದ್ದೆಗಳಿರಲಿ. ಅಮೆಜಾನ್ ಅರೋರಾದ ಕ್ಲಸ್ಟರ್ ಎಂಡ್‌ಪಾಯಿಂಟ್ ಮತ್ತು ರೀಡರ್ ಎಂಡ್‌ಪಾಯಿಂಟ್, ಒರಾಕಲ್ ಕ್ಲಸ್ಟರ್‌ನ ಸ್ಕ್ಯಾನ್ ಹೆಸರು, ಎಸ್‌ಕ್ಯೂಎಲ್ ಸರ್ವರ್‌ನ ಲಿಸನರ್ ಎಲ್ಲವೂ ಇದೇ ತತ್ವದ ಬೇರೆ ಬೇರೆ ವೇಷಗಳು.

3. ಸತ್ಯದ ಮೂಲ ಒಂದೇ ಇರಲಿ

ಹತ್ತು ಸರ್ವರ್‌ಗಳಲ್ಲಿ ಹತ್ತು ಕಾನ್ಫಿಗ್ ಫೈಲ್ ಇದ್ದರೆ, ಒಂದಲ್ಲ ಒಂದು ದಿನ ಅವುಗಳಲ್ಲೊಂದು ಹಳೆಯದಾಗಿ ಉಳಿದೇ ಉಳಿಯುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಡೇಟಾಬೇಸ್ ಸ್ಥಳಾಂತರ ಮುಗಿಸಿ ಸಿಹಿಯನ್ನೂ ಹಂಚಿದ್ದೆವು. ಎರಡು ದಿನ ಕಳೆದ ಮೇಲೆ ದೂರು ಬರತೊಡಗಿತು: ಕೆಲವು ದಾಖಲೆಗಳು ಒಮ್ಮೆ ಕಾಣುತ್ತವೆ, ಒಮ್ಮೆ ಕಾಣುವುದಿಲ್ಲ. ನಾಲ್ಕು ಸರ್ವರ್‌ಗಳಲ್ಲಿ ಒಂದು ಮಾತ್ರ ಇನ್ನೂ ಹಳೆಯ ಡೇಟಾಬೇಸ್‌ಗೇ ಬರೆಯುತ್ತಿತ್ತು. ಎಂದೋ ಯಾರೋ ಆ ಒಂದು ಸರ್ವರ್ ಮಟ್ಟದಲ್ಲಿ ಪ್ರತ್ಯೇಕ ಡೇಟಾಸೋರ್ಸ್ ಮಾಡಿಟ್ಟು ಮರೆತಿದ್ದರು. ಕ್ಲಸ್ಟರ್ ಮಟ್ಟದಲ್ಲಿ ನಾವು ಬದಲಿಸಿದ್ದು ಅದಕ್ಕೆ ತಾಗಿರಲೇ ಇಲ್ಲ.

ವೆಬ್‌ಸ್ಫಿಯರ್‌ನಂಥ ಕಡೆ ಸೆಲ್, ಕ್ಲಸ್ಟರ್, ನೋಡ್, ಸರ್ವರ್ ಎಂದು ಹಂತಗಳಿರುತ್ತವೆ. ಒಂದೇ ಹೆಸರು ಎರಡು ಹಂತಗಳಲ್ಲಿದ್ದರೆ ಕಿರಿದಾದ ಹಂತದ್ದೇ ಗೆಲ್ಲುತ್ತದೆ. ಹಾಗಾಗಿ ಕಾನ್ಫಿಗ್ ಅನ್ನು ಎಟ್‌ಸಿಡಿ, ಕಾನ್ಸುಲ್, ಜೂಕೀಪರ್‌ನಂಥ ಒಂದೇ ಕಡೆ ಇಡಿ. ಪ್ರತಿ ಆವೃತ್ತಿಗೂ ಒಂದು ಸಂಖ್ಯೆ ಕೊಡಿ. ಪ್ರತಿ ಸರ್ವರ್ ತಾನು ಯಾವ ಆವೃತ್ತಿಯಲ್ಲಿದ್ದೇನೆ ಎಂದು ಹೇಳುವಂತಿರಲಿ. ಎಲ್ಲರೂ ಒಂದೇ ಸಂಖ್ಯೆ ಹೇಳುವವರೆಗೆ ಸಿಹಿ ಹಂಚಬೇಡಿ.

ಇನ್ನೊಂದು ಮಾತು: ಆ ಮೂಲವೇ ಕೈಕೊಟ್ಟರೆ? ಕೊನೆಯದಾಗಿ ಸರಿಯಿದ್ದ ಕಾನ್ಫಿಗ್‌ನ ಒಂದು ನಕಲು ಪ್ರತಿ ಸರ್ವರ್‌ನಲ್ಲೂ ಇರಲಿ. ವಿಳಾಸ ಹೇಳುವವನು ಮಲಗಿದನೆಂದು ಮನೆಗೆ ಹೋಗುವ ದಾರಿಯೇ ಮರೆಯಬಾರದು.

4. ಪಟ್ಟ ಕಟ್ಟುವ ಅಧಿಕಾರ ಅಪ್ಲಿಕೇಶನ್‌ಗೆ ಬೇಡ

'ಪ್ರೈಮರಿ ಉತ್ತರಿಸುತ್ತಿಲ್ಲ, ನಾನೇ ರೆಪ್ಲಿಕಾಗೆ ಬರೆಯುತ್ತೇನೆ' ಎಂದು ಪ್ರತಿ ಸರ್ವರ್ ತನ್ನಷ್ಟಕ್ಕೆ ನಿರ್ಧರಿಸತೊಡಗಿದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟಂತೆ. ಯಾರು ಪ್ರೈಮರಿ ಎಂಬುದನ್ನು ಬಹುಮತವೇ ತೀರ್ಮಾನಿಸಲಿ. ಮೂರು ಸದಸ್ಯರ ಕೂಟ ಒಬ್ಬನನ್ನು ಕಳೆದುಕೊಂಡರೂ ನಡೆಯುತ್ತದೆ. ಐವರ ಕೂಟ ಇಬ್ಬರನ್ನು. ನಾಲ್ವರಿದ್ದರೂ ಒಬ್ಬನ ನಷ್ಟವನ್ನಷ್ಟೇ ತಾಳಿಕೊಳ್ಳುವುದರಿಂದ ಸಮಸಂಖ್ಯೆಯಿಂದ ಲಾಭವಿಲ್ಲ.

ಪೋಸ್ಟ್‌ಗ್ರೆಸ್ ಜಗತ್ತಿನಲ್ಲಿ ಹೆಸರಾದ ಪ್ಯಾಟ್ರೋನಿ ಹೀಗೇ ಕೆಲಸ ಮಾಡುತ್ತದೆ. ಪ್ರೈಮರಿಯ ಕೈಯಲ್ಲಿ ಎಟ್‌ಸಿಡಿಯಲ್ಲಿನ ಒಂದು ಬೀಗದ ಕೀಲಿ ಇರುತ್ತದೆ. ಅದರ ಅವಧಿ ಸಾಮಾನ್ಯವಾಗಿ 30 ಸೆಕೆಂಡು. 10 ಸೆಕೆಂಡಿಗೊಮ್ಮೆ ನವೀಕರಿಸಬೇಕು. ನವೀಕರಿಸಲಾಗದಿದ್ದರೆ ಪ್ರೈಮರಿ ತಾನಾಗಿಯೇ ಪೀಠದಿಂದ ಇಳಿಯುತ್ತದೆ. ಇಳಿಯಲು ಗೊತ್ತಿರುವವನಿಗೆ ಮಾತ್ರ ಪಟ್ಟ ಕಟ್ಟಿ.

ಜೊತೆಗೆ ಗಿಟ್‌ಹಬ್ ಪಾಠವನ್ನೂ ನೆನಪಿಡಿ. ಯಾವ ಊರಿನ ರೆಪ್ಲಿಕಾ ಪ್ರೈಮರಿ ಆಗಬಹುದು, ಯಾವುದು ಆಗಕೂಡದು ಎಂಬ ಪಟ್ಟಿ ಮೊದಲೇ ಸಿದ್ಧವಿರಲಿ. ಆ ಘಟನೆಯ ನಂತರ ಗಿಟ್‌ಹಬ್ ಮಾಡಿದ ಮೊದಲ ಬದಲಾವಣೆಗಳಲ್ಲಿ ಇದೂ ಒಂದು: ಪ್ರೈಮರಿಯ ಪಟ್ಟ ಪ್ರಾಂತ್ಯದ ಗಡಿ ದಾಟದಂತೆ ಆರ್ಕೆಸ್ಟ್ರೇಟರ್‌ಗೆ ಹೇಳಿತು.

5. ಸಂಪರ್ಕವಾದ ಮೇಲೂ 'ನೀನು ಯಾರು' ಎಂದು ಕೇಳಿ

ಹೆಸರು ನಂಬಿ ಹೋದ ಮೇಲೂ ಒಮ್ಮೆ ಕದ ತಟ್ಟಿ ಕೇಳುವುದು ಒಳ್ಳೆಯದು. ಪೋಸ್ಟ್‌ಗ್ರೆಸ್‌ನ ಮೂಲ ಕ್ಲೈಂಟ್ ಲೈಬ್ರರಿಯಲ್ಲಿ 2017ರ 10ನೇ ಆವೃತ್ತಿಯಿಂದ ಒಂದೇ ಸಾಲಿನಲ್ಲಿ ಹಲವು ಹೋಸ್ಟ್ ಕೊಟ್ಟು, 'ಬರೆಯಲು ಒಪ್ಪುವವನನ್ನೇ ಹಿಡಿ' ಎಂದು ಹೇಳಬಹುದು. 2021ರ 14ನೇ ಆವೃತ್ತಿಯಲ್ಲಿ 'ಪ್ರೈಮರಿಯೇ ಬೇಕು', 'ಸಾಧ್ಯವಾದರೆ ಸ್ಟ್ಯಾಂಡ್‌ಬೈ ಕೊಡು' ಎಂಬ ಆಯ್ಕೆಗಳೂ ಬಂದವು. ಮೈಎಸ್‌ಕ್ಯೂಎಲ್ ಜೊತೆ ಪ್ರಾಕ್ಸಿಎಸ್‌ಕ್ಯೂಎಲ್ ಬಳಸುವವರಿಗೆ ಈ ಕೆಲಸವನ್ನು ಅದೇ ಮಾಡಿಕೊಡುತ್ತದೆ. ಪ್ರತಿ ಸರ್ವರ್‌ನ 'ರೀಡ್ ಓನ್ಲಿ' ಗುರುತು ನೋಡಿ ಬರಹದ ಗುಂಪಿಗೋ ಓದಿನ ಗುಂಪಿಗೋ ಸೇರಿಸುತ್ತದೆ. ಮೊಂಗೋಡಿಬಿಯ ಡ್ರೈವರ್‌ಗೆ ರೆಪ್ಲಿಕಾ ಸೆಟ್‌ನ ಹೆಸರು ಮತ್ತು ಒಂದೆರಡು ವಿಳಾಸ ಕೊಟ್ಟರೆ ಉಳಿದ ಸದಸ್ಯರನ್ನು ತಾನೇ ಹುಡುಕಿಕೊಳ್ಳುತ್ತದೆ. ಇರುವ ಸೌಲಭ್ಯ ಬಿಟ್ಟು ಹೊಸ ಚಕ್ರ ಕಡೆಯಬೇಡಿ.

6. ಪ್ರತಿ ಕನೆಕ್ಷನ್‌ಗೂ ಆಯಸ್ಸು ಬರೆಯಿರಿ

ಇದು ಎಲ್ಲ ಸೂತ್ರಗಳ ತಾಯಿ. ಡಿಎನ್‌ಎಸ್ ಬದಲಾಯಿತು, ಕಾನ್ಫಿಗ್ ಬದಲಾಯಿತು, ಆದರೆ ಪೂಲ್‌ನಲ್ಲಿರುವ ಕನೆಕ್ಷನ್‌ಗಳಿಗೆ ಅದರ ಸುಳಿವೇ ಇಲ್ಲ. ವಿಳಾಸ ನೋಡುವುದು ಹೊಸದಾಗಿ ಸಂಪರ್ಕ ಮಾಡುವಾಗ ಮಾತ್ರ. ಒಮ್ಮೆ ಕೂಡಿದ ನಂಟು ತಾನಾಗಿ ಕಡಿಯುವವರೆಗೆ ಹಳೆಯ ಸರ್ವರ್‌ಗೇ ಜೋತುಬಿದ್ದಿರುತ್ತದೆ.

ಇದರಲ್ಲಿ ಎರಡು ಬಗೆ. ಮೊದಲನೆಯದು, ಹಳೆಯ ಪ್ರೈಮರಿ ಬದುಕಿಯೇ ಇದೆ, ಆದರೆ ಹುದ್ದೆ ಕಳೆದುಕೊಂಡಿದೆ. ಆಗ ಓದು ನಡೆಯುತ್ತದೆ, ಬರಹ ಮಾತ್ರ ದೋಷ ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಈ ದೋಷದ ಸಂಖ್ಯೆ 25006, ಮೈಎಸ್‌ಕ್ಯೂಎಲ್‌ನಲ್ಲಿ 1290. ಈ ಸಂಖ್ಯೆ ಕಂಡ ತಕ್ಷಣ ಆ ಕನೆಕ್ಷನ್ ಅನ್ನು ಪೂಲ್‌ಗೆ ಹಿಂದಿರುಗಿಸದೆ ಎಸೆಯುವಂತೆ ಬರೆದುಕೊಳ್ಳಿ. ಜಾವಾದ ಹಿಕಾರಿ ಪೂಲ್‌ನಲ್ಲಿ ಎಲ್ಲ ಕನೆಕ್ಷನ್‌ಗಳನ್ನೂ ಮೆಲ್ಲಗೆ ಹೊರಹಾಕುವ ಆದೇಶವಿದೆ. ಬಳಕೆಯಲ್ಲಿರುವುದು ಕೆಲಸ ಮುಗಿಸಿ ಹೋಗುತ್ತದೆ, ಸುಮ್ಮನಿರುವುದು ಕೂಡಲೇ ಹೋಗುತ್ತದೆ.

ಎರಡನೆಯದು ಇನ್ನೂ ಕೆಟ್ಟದ್ದು. ಸರ್ವರ್‌ನ ವಿದ್ಯುತ್ ಹೋಯಿತು, ಅಥವಾ ನಡುವಿನ ದಾರಿ ಮುಚ್ಚಿತು. 'ನಾನು ಹೋಗುತ್ತೇನೆ' ಎಂದು ಹೇಳಲೂ ಅದಕ್ಕೆ ಸಮಯವಿರಲಿಲ್ಲ. ಈ ಕಡೆಯ ಅಪ್ಲಿಕೇಶನ್ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಲಿನಕ್ಸ್‌ನ ಮೂಲ ಹೊಂದಾಣಿಕೆಯಲ್ಲಿ ಕಳುಹಿಸಿದ ಮಾತಿಗೆ ಉತ್ತರ ಬಾರದೆಂದು ಕೈಬಿಡಲು ಸುಮಾರು 15 ನಿಮಿಷ ಬೇಕು. ಸುಮ್ಮನೆ ಕುಳಿತ ಕನೆಕ್ಷನ್ ಬದುಕಿದೆಯೇ ಎಂದು ವಿಚಾರಿಸಲು ತೊಡಗುವುದೇ ಎರಡು ಗಂಟೆಯ ನಂತರ. ಜಾವಾದ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಡ್ರೈವರ್‌ಗಳಲ್ಲಿ ಉತ್ತರಕ್ಕೆ ಕಾಯುವ ಸಾಕೆಟ್ ಟೈಮ್‌ಔಟ್ ಮೂಲದಲ್ಲಿ ಸೊನ್ನೆ, ಅಂದರೆ ಕೊನೆಯಿಲ್ಲದ ಕಾಯುವಿಕೆ.

ಹಾಗಾಗಿ ಮೂರನ್ನು ನೀವೇ ಬರೆಯಿರಿ: ಸಂಪರ್ಕಕ್ಕೆ ಕಾಯುವ ಸಮಯ, ಉತ್ತರಕ್ಕೆ ಕಾಯುವ ಸಮಯ, ಒಂದು ಕನೆಕ್ಷನ್‌ನ ಒಟ್ಟು ಆಯಸ್ಸು. ಹಿಕಾರಿಯಲ್ಲಿ ಒಟ್ಟು ಆಯಸ್ಸು ಮೂಲದಲ್ಲಿ 30 ನಿಮಿಷ. ಫೇಲೋವರ್ ಆಗಾಗ ನಡೆಯುವ ಕಡೆ ಅದನ್ನು ಐದು ಹತ್ತು ನಿಮಿಷಕ್ಕೆ ಇಳಿಸಬಹುದು. ನಡುವಿನ ಫೈರ್‌ವಾಲ್ ಅಥವಾ ಲೋಡ್ ಬ್ಯಾಲೆನ್ಸರ್ ಸುಮ್ಮನಿರುವ ಸಂಪರ್ಕವನ್ನು ಕತ್ತರಿಸುವ ಸಮಯಕ್ಕಿಂತ ನಿಮ್ಮ ವಿಚಾರಣೆ ಮೊದಲೇ ನಡೆಯಬೇಕು. ವರದಿ ತಯಾರಿಸುವ ದೀರ್ಘ ಕ್ವೆರಿಗಳಿಗೆ ಬೇರೆಯೇ ಪೂಲ್ ಮಾಡಿ. ಇಲ್ಲದಿದ್ದರೆ ನೀವು ಹಾಕಿದ ಟೈಮ್‌ಔಟ್ ಅವುಗಳನ್ನೇ ಮೊದಲು ಕೊಲ್ಲುತ್ತದೆ.

7. ಡಿಎನ್‌ಎಸ್‌ಗೆ ಗಿಡ್ಡ ನೆನಪು ಸಾಕು

ಹುದ್ದೆಯ ಹೆಸರು ಕೊಟ್ಟಿದ್ದೀರಿ, ಸರಿ. ಆ ಹೆಸರಿನ ಹಳೆಯ ಉತ್ತರವನ್ನೇ ನಿಮ್ಮ ಪ್ರೋಗ್ರಾಂ ಗಂಟೆಗಟ್ಟಲೆ ನೆನಪಿಟ್ಟುಕೊಂಡರೆ? ಜಾವಾದಲ್ಲಿ ಸೆಕ್ಯುರಿಟಿ ಮ್ಯಾನೇಜರ್ ಹಾಕಿ ನಡೆಸುವ ಹಳೆಯ ವ್ಯವಸ್ಥೆಗಳು ಡಿಎನ್‌ಎಸ್ ಉತ್ತರವನ್ನು ಪ್ರೊಸೆಸ್ ಸಾಯುವವರೆಗೂ ಹಿಡಿದಿಡುತ್ತವೆ. ಅದಿಲ್ಲದ ಕಡೆ ಸಾಮಾನ್ಯವಾಗಿ 30 ಸೆಕೆಂಡು. ಅರೋರಾದ ಎಂಡ್‌ಪಾಯಿಂಟ್‌ಗಳ ಉತ್ತರಕ್ಕೆ ಆಯಸ್ಸು ಬರೀ 5 ಸೆಕೆಂಡು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜಾವಾದ ನೆಟ್‌ವರ್ಕ್ ಕ್ಯಾಷ್ ಅವಧಿಯನ್ನು ಸ್ಪಷ್ಟವಾಗಿ ಬರೆದಿಡಿ, ಊಹೆಗೆ ಬಿಡಬೇಡಿ. ಸೊನ್ನೆಯನ್ನೂ ಹಾಕಬೇಡಿ, ಪ್ರತಿ ಸಂಪರ್ಕಕ್ಕೂ ಡಿಎನ್‌ಎಸ್ ಸರ್ವರ್ ಬಾಗಿಲು ಬಡಿದಂತಾಗುತ್ತದೆ.

8. ಹಾಸಿಗೆ ಇದ್ದಷ್ಟು ಕಾಲು ಚಾಚಿ

ಪೋಸ್ಟ್‌ಗ್ರೆಸ್ ಮೂಲದಲ್ಲಿ 100 ಕನೆಕ್ಷನ್ ಒಪ್ಪುತ್ತದೆ, ಅದರಲ್ಲಿ 3 ಮೇಲಧಿಕಾರಿಗೆ ಮೀಸಲು. ಮೈಎಸ್‌ಕ್ಯೂಎಲ್ 151. ಹಿಕಾರಿ ಪೂಲ್ ಮೂಲದಲ್ಲಿ 10 ಕನೆಕ್ಷನ್ ಹಿಡಿಯುತ್ತದೆ. ಹತ್ತು ಎಂದರೆ ಕಡಿಮೆ ಎನಿಸುತ್ತದೆ. ಆದರೆ 12 ಸರ್ವರ್, ಪ್ರತಿಯೊಂದರಲ್ಲೂ 4 ಪ್ರೊಸೆಸ್, ಪ್ರತಿ ಪ್ರೊಸೆಸ್‌ಗೆ 10 ಎಂದರೆ 480. ಹಾಸಿಗೆ ನೂರು ಅಡಿ, ಕಾಲು ಐನೂರಕ್ಕೆ ಹತ್ತಿರ.

'ಸರಿ, ಮಿತಿಯನ್ನೇ 500ಕ್ಕೆ ಏರಿಸೋಣ' ಎಂದು ಹೊರಡಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೊಸೆಸ್. ಮೆಮೊರಿ, ಸಿಪಿಯು ಎರಡೂ ಹಂಚಿಹೋಗುತ್ತವೆ. ಲೆಕ್ಕವನ್ನು ತಿರುಗಾಮುರುಗಾ ಮಾಡಿ. ಡೇಟಾಬೇಸ್‌ನ ಯಂತ್ರ 200 ಕನೆಕ್ಷನ್ ತಾಳುತ್ತದೆ ಎಂದಿಟ್ಟುಕೊಳ್ಳಿ. ನಿರ್ವಹಣೆಗೆ, ಬ್ಯಾಕಪ್‌ಗೆ, ವರದಿಗೆ 20 ಬಿಡಿ. ಉಳಿದದ್ದು 180. ಹೊಸ ಆವೃತ್ತಿ ಹಾಕುವಾಗ ಹಳೆಯ ಮತ್ತು ಹೊಸ ಸರ್ವರ್‌ಗಳು ಸ್ವಲ್ಪ ಹೊತ್ತು ಒಟ್ಟಿಗೆ ಇರುತ್ತವೆ. 12ರ ಜೊತೆ ಇನ್ನೂ 3 ಸೇರಿ 15 ಎನ್ನಿ. ಒಂದು ಸರ್ವರ್‌ಗೆ 12, ಒಂದು ಪ್ರೊಸೆಸ್‌ಗೆ 3.

ಮೂರು ಸಾಕೇ? ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ನಿಯಮವಿದೆ: ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ ಬರುವ ವೇಗ ಗುಣಿಸು ಇರುವ ಸಮಯ. ಎಲ್ಲ ಸರ್ವರ್‌ಗಳಿಂದ ಒಟ್ಟು ಸೆಕೆಂಡಿಗೆ 300 ಕ್ವೆರಿ, ಒಂದಕ್ಕೆ 20 ಮಿಲಿಸೆಕೆಂಡು ಎಂದರೆ ಸರಾಸರಿ 6 ಕನೆಕ್ಷನ್ ಮಾತ್ರ ಬಳಕೆಯಲ್ಲಿರುತ್ತವೆ. ನೂಕುನುಗ್ಗಲಿಗೆ ಎರಡು ಮೂರು ಪಟ್ಟು ಬಿಟ್ಟರೂ ಸಂಖ್ಯೆ ಸಣ್ಣದೇ. ಸಾಲುತ್ತಿಲ್ಲ ಎಂದಾದರೆ ಮೊದಲು ಕ್ವೆರಿಯ ಸಮಯ ನೋಡಿ, ಆಮೇಲೆ ಪೂಲ್.

ಸರ್ವರ್‌ಗಳು ತಾವಾಗಿಯೇ ಹೆಚ್ಚುವ ಕ್ಲಸ್ಟರ್‌ನಲ್ಲಿ, ಹೆಚ್ಚಬಹುದಾದ ಗರಿಷ್ಠ ಸಂಖ್ಯೆಯಿಂದ ಭಾಗಿಸಿ. ಇಂದಿನ ಸಂಖ್ಯೆಯಿಂದ ಭಾಗಿಸಿದರೆ, ಫಲಿತಾಂಶ ಪ್ರಕಟವಾಗುವ ದಿನವೋ ಹಬ್ಬದ ಮಾರಾಟದ ದಿನವೋ ಹೊಸ ಸರ್ವರ್ ಎದ್ದಂತೆಲ್ಲ ಹಳೆಯದಕ್ಕೆ ಉಸಿರು ಕಟ್ಟುತ್ತದೆ.

9. ನಡುವೆ ಒಬ್ಬ ಮಧ್ಯಸ್ಥನಿರಲಿ, ಅವನ ಷರತ್ತು ಓದಿ

ಲೆಕ್ಕ ಮೀರಿದರೆ ಪ್ರಾಕ್ಸಿ ಬೇಕು. ಪೋಸ್ಟ್‌ಗ್ರೆಸ್‌ಗೆ ಪಿಜಿಬೌನ್ಸರ್, ಪೋರ್ಟ್ 6432. ಮೈಎಸ್‌ಕ್ಯೂಎಲ್‌ಗೆ ಪ್ರಾಕ್ಸಿಎಸ್‌ಕ್ಯೂಎಲ್, ಪೋರ್ಟ್ 6033. ಸಾವಿರ ಗಿರಾಕಿಗಳನ್ನು ಹೊರಗೆ ಕೂರಿಸಿ, ಒಳಗೆ ಇಪ್ಪತ್ತು ಕನೆಕ್ಷನ್‌ಗಳಲ್ಲೇ ಕೆಲಸ ತೆಗೆಯುವುದು ಇವುಗಳ ಜಾಣತನ. ಪಿಜಿಬೌನ್ಸರ್‌ನಲ್ಲಿ 'ಪಾಜ್' ಎಂದರೆ ನಡೆಯುತ್ತಿರುವ ಕೆಲಸ ಮುಗಿಸಿ ಹೊಸಬರನ್ನು ಬಾಗಿಲಲ್ಲೇ ಕಾಯಿಸುತ್ತದೆ; ವಿಳಾಸ ಬದಲಿಸಿ, 'ರೀಲೋಡ್' ಮಾಡಿ, 'ರೆಸ್ಯೂಮ್' ಎಂದರೆ ಗಿರಾಕಿಗೆ ಒಂದೆರಡು ಸೆಕೆಂಡಿನ ತಡೆ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಯೋಜಿತ ಸ್ಥಳಾಂತರಕ್ಕೆ ಇದಕ್ಕಿಂತ ನಯವಾದ ದಾರಿ ನಾನು ಕಂಡಿಲ್ಲ.

ಷರತ್ತುಗಳು: ಟ್ರಾನ್ಸಾಕ್ಷನ್ ಮಟ್ಟದ ಪೂಲಿಂಗ್‌ನಲ್ಲಿ ಒಂದು ವ್ಯವಹಾರಕ್ಕೆ ಸಿಕ್ಕ ಕನೆಕ್ಷನ್ ಮುಂದಿನದಕ್ಕೆ ಸಿಗಬೇಕಿಲ್ಲ. ಸೆಷನ್‌ನಲ್ಲಿ ಬದಲಿಸಿದ ಹೊಂದಾಣಿಕೆ, ತಾತ್ಕಾಲಿಕ ಟೇಬಲ್, ಸೆಷನ್ ಬೀಗಗಳನ್ನು ನಂಬಿದ ಕೋಡ್ ಅಲ್ಲಿ ಮುರಿಯುತ್ತದೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ ಈ ಬಗೆಯಲ್ಲಿ ಬೆಂಬಲ ಬಂದದ್ದು ಪಿಜಿಬೌನ್ಸರ್‌ನ 2023ರ 1.21 ಆವೃತ್ತಿಯಲ್ಲಿ. ಪ್ರಾಕ್ಸಿಎಸ್‌ಕ್ಯೂಎಲ್‌ನಲ್ಲಿ ಬದಲಾವಣೆಯನ್ನು 'ರನ್‌ಟೈಮ್'ಗೆ ಹಾಕಿ 'ಡಿಸ್ಕ್'ಗೆ ಉಳಿಸಲು ಮರೆತರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಹಳೆಯ ವಿಳಾಸ ಎದ್ದು ಕೂರುತ್ತದೆ. ಹೆಚ್‌ಎ ಪ್ರಾಕ್ಸಿ ಬಳಸುವಿರಾದರೆ, ಸರ್ವರ್ ಬಿದ್ದಿದೆ ಎಂದು ಗುರುತಾದಾಗ ಅದರ ಹಳೆಯ ಸೆಷನ್‌ಗಳನ್ನೂ ಮುಚ್ಚುವ ಆಯ್ಕೆ ಹಾಕಿ. ಅದು ಮೂಲದಲ್ಲಿ ಇರುವುದಿಲ್ಲ. ಮತ್ತು ಪ್ರಾಕ್ಸಿ ಒಂದೇ ಇದ್ದರೆ, ಬೀಳುವ ಜಾಗವನ್ನು ಡೇಟಾಬೇಸ್‌ನಿಂದ ಪ್ರಾಕ್ಸಿಗೆ ವರ್ಗಾಯಿಸಿದ್ದೀರಿ, ಅಷ್ಟೆ. ಕನಿಷ್ಠ ಎರಡಿರಲಿ.

10. ಓದು ಬೇರೆ, ಬರಹ ಬೇರೆ. ಆದರೆ ತಡವನ್ನು ಮರೆಯಬೇಡಿ

ಓದುವ ಕ್ವೆರಿಗಳನ್ನು ರೆಪ್ಲಿಕಾಗಳಿಗೆ ಹಂಚುವುದು ಒಳ್ಳೆಯದು. ಆದರೆ ರೆಪ್ಲಿಕಾ ಯಾವಾಗಲೂ ಒಂದು ಹೆಜ್ಜೆ ಹಿಂದೆ. ವಿಳಾಸ ತಿದ್ದಿ 'ಉಳಿಸು' ಒತ್ತಿದ ಗ್ರಾಹಕನಿಗೆ ಮುಂದಿನ ಪುಟದಲ್ಲಿ ಹಳೆಯ ವಿಳಾಸವೇ ಕಂಡರೆ ಆತ ಮತ್ತೆ ಮತ್ತೆ ಒತ್ತುತ್ತಾನೆ. ಬರೆದವನ ಓದನ್ನು ಕೆಲವು ಸೆಕೆಂಡು ಪ್ರೈಮರಿಗೇ ಕಳುಹಿಸಿ. ಮಿತಿ ಮೀರಿ ಹಿಂದುಳಿದ ರೆಪ್ಲಿಕಾವನ್ನು ಸಾಲಿನಿಂದ ಹೊರಗಿಡಿ.

ಸ್ಪ್ರಿಂಗ್ ಬಳಸುವವರಿಗೆ ಒಂದು ಕಿವಿಮಾತು. ರೌಟಿಂಗ್ ಡೇಟಾಸೋರ್ಸ್ ಬರೆದು, 'ಇದು ಓದುವ ವ್ಯವಹಾರ' ಎಂಬ ಗುರುತು ನೋಡಿ ದಾರಿ ಆರಿಸುವಂತೆ ಮಾಡಿದರೂ ಎಲ್ಲವೂ ಪ್ರೈಮರಿಗೇ ಹೋಗುವುದನ್ನು ಹಲವರು ಕಂಡಿದ್ದಾರೆ. ಕಾರಣ, ಆ ಗುರುತು ಬೀಳುವ ಮೊದಲೇ ಕನೆಕ್ಷನ್ ಕೈಗೆ ಬಂದಿರುತ್ತದೆ. ರೌಟಿಂಗ್ ಡೇಟಾಸೋರ್ಸ್ ಸುತ್ತ ಲೇಜಿ ಕನೆಕ್ಷನ್ ಪ್ರಾಕ್ಸಿ ಹೊದಿಸಿದರೆ ಮೊದಲ ಕ್ವೆರಿಯವರೆಗೂ ಆಯ್ಕೆ ಮುಂದೆ ಹೋಗುತ್ತದೆ.

11. ಪಾಸ್‌ವರ್ಡ್ ಬದಲಾವಣೆಯೂ ಫೇಲೋವರ್‌ನಂತೆಯೇ

ಪಾಸ್‌ವರ್ಡ್ ಬದಲಿಸಿದ ಕ್ಷಣ ಹತ್ತು ಸರ್ವರ್‌ಗಳಿಗೆ ಒಟ್ಟಿಗೆ ತಿಳಿಯುವುದಿಲ್ಲ. ಆದ್ದರಿಂದ ಹಳೆಯದು, ಹೊಸದು ಎರಡೂ ಸ್ವಲ್ಪ ಕಾಲ ನಡೆಯಬೇಕು. ಮೈಎಸ್‌ಕ್ಯೂಎಲ್ 8.0.14ರಿಂದ ಒಬ್ಬ ಬಳಕೆದಾರನಿಗೆ ಎರಡು ಪಾಸ್‌ವರ್ಡ್ ಇಡಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಇಬ್ಬರು ಬಳಕೆದಾರರನ್ನು ಮಾಡಿ ಸರದಿಯಂತೆ ಬಳಸಿ. ಕ್ಯೂಬರ್ನೆಟಿಸ್‌ನಲ್ಲಿ ಎನ್‌ವಿರಾನ್ಮೆಂಟ್ ವೇರಿಯಬಲ್ ಆಗಿ ಕೊಟ್ಟ ಮೌಲ್ಯ ಪಾಡ್ ಓಡುತ್ತಿರುವಾಗ ಬದಲಾಗುವುದಿಲ್ಲ. ಫೈಲ್ ಆಗಿ ಜೋಡಿಸಿದ್ದು ಸ್ವಲ್ಪ ತಡವಾಗಿ ಬದಲಾಗುತ್ತದೆ. ಸಬ್‌ಪಾತ್ ಮೂಲಕ ಜೋಡಿಸಿದ್ದರೆ ಅದೂ ಇಲ್ಲ. ಅಲ್ಲಿನ 'ಸೀಕ್ರೆಟ್' ಮೇಲ್ನೋಟಕ್ಕೆ ಅರ್ಥವಾಗದ ಬೇಸ್64 ಅಷ್ಟೆ, ಅದು ಗೂಢಲಿಪಿಯಲ್ಲ. ಅದನ್ನು ಗಿಟ್‌ನಲ್ಲಿ ಇಡಬೇಡಿ.

12. ಹೊಸ ಪೂಲ್ ಕಟ್ಟಿ, ಪರೀಕ್ಷಿಸಿ, ಆಮೇಲೆ ಹಳೆಯದನ್ನು ಮುಚ್ಚಿ

ಓಡುತ್ತಿರುವ ಅಪ್ಲಿಕೇಶನ್‌ನಲ್ಲಿ ಡೇಟಾಸೋರ್ಸ್ ಬದಲಿಸುವ ಕ್ರಮ ಹೀಗಿರಲಿ. ಹೊಸ ಪೂಲ್ ಕಟ್ಟಿ. ಒಂದು ಕನೆಕ್ಷನ್ ತೆಗೆದು ನೋಡಿ. ಸರಿಯಿದ್ದರೆ ಹೊಸ ಕೋರಿಕೆಗಳನ್ನು ಅದಕ್ಕೆ ತಿರುಗಿಸಿ. ಹಳೆಯದರಲ್ಲಿ ನಡೆಯುತ್ತಿರುವ ಕೆಲಸ ಮುಗಿಯಲು ಸಮಯ ಕೊಟ್ಟು ಮುಚ್ಚಿ. ಹೊಸದು ಸರಿಯಿಲ್ಲದಿದ್ದರೆ ಹಳೆಯದೇ ಮುಂದುವರಿಯಲಿ. ಮೊದಲು ಒಂದು ಸರ್ವರ್, ಆಮೇಲೆ ಉಳಿದವು.

'ಸರಿಯಿದೆಯೇ' ಎಂದು ನೋಡುವಾಗ ಸಂಪರ್ಕವಾಯಿತು ಎಂಬುದಷ್ಟೇ ಸಾಲದು. ಡೇಟಾಬೇಸ್‌ನೊಳಗೆ 'ಇದು ಪ್ರೊಡಕ್ಷನ್', 'ಇದು ಟೆಸ್ಟ್' ಎಂಬ ಒಂದು ಸಾಲಿನ ಟೇಬಲ್ ಇಡಿ. ಪ್ರತಿ ಪೂಲ್ ಅದನ್ನು ಓದಿ ತನ್ನದೇ ಮನೆ ಎಂದು ಖಚಿತಪಡಿಸಿಕೊಳ್ಳಲಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ರೆಪ್ಲಿಕಾ ಎಂದುಕೊಂಡು ಪ್ರೈಮರಿಯ ಡೇಟಾ ಅಳಿಸಿದ್ದರಿಂದ ಸುಮಾರು ಆರು ಗಂಟೆಗಳ ದಾಖಲೆ ಹೋಯಿತು. ಯಾವ ಸರ್ವರ್ ಎದುರು ಕುಳಿತಿದ್ದೇವೆ ಎಂಬುದನ್ನು ಯಂತ್ರವೂ ಮರೆಯಬಾರದು, ಮನುಷ್ಯನೂ ಮರೆಯಬಾರದು.

13. ಮರುಯತ್ನಕ್ಕೂ ಮಿತಿ ಇರಲಿ

ಫೇಲೋವರ್ ವೇಳೆ ಕೆಲವು ಸೆಕೆಂಡು ದೋಷ ಬಂದೇ ಬರುತ್ತದೆ. ಆದರೆ ಎಲ್ಲ ಸರ್ವರ್‌ಗಳೂ ಒಂದೇ ಕ್ಷಣದಲ್ಲಿ ಮರುಯತ್ನಿಸಿದರೆ, ಆಗಷ್ಟೇ ಎದ್ದ ಪ್ರೈಮರಿ ಮತ್ತೆ ಮಲಗುತ್ತದೆ. ಕಾಯುವ ಸಮಯವನ್ನು 100, 200, 400 ಮಿಲಿಸೆಕೆಂಡು ಎಂದು ದುಪ್ಪಟ್ಟು ಮಾಡುತ್ತ ಹೋಗಿ. ಪ್ರತಿಯೊಂದಕ್ಕೂ ಸ್ವಲ್ಪ ಏರುಪೇರು ಸೇರಿಸಿ. ಇಷ್ಟು ಸಲ ಮಾತ್ರ ಎಂದು ನಿಲ್ಲಿಸಿ.

ಬರಹದ ಮರುಯತ್ನದಲ್ಲಿ ಇನ್ನೂ ಎಚ್ಚರ. 'ಕಮಿಟ್' ಕಳುಹಿಸಿದ ಮೇಲೆ ಸಂಪರ್ಕ ಹೋದರೆ ಅದು ಆಯಿತೋ ಇಲ್ಲವೋ ನಿಮಗೆ ತಿಳಿಯದು. ಪ್ರತಿ ಕೋರಿಕೆಗೂ ಒಂದು ಅನನ್ಯ ಸಂಖ್ಯೆ ಕೊಟ್ಟು, ಟೇಬಲ್‌ನಲ್ಲಿ ಅದು ಎರಡು ಸಲ ಬಾರದಂತೆ ಕಟ್ಟುಹಾಕಿ. ಇಲ್ಲದಿದ್ದರೆ ಗ್ರಾಹಕನ ಹಣ ಎರಡು ಸಲ ಕಡಿತವಾಗಿ, ನಿಮ್ಮ ಫೋನು ಇಪ್ಪತ್ತು ಸಲ ರಿಂಗಾಗುತ್ತದೆ.

14. ಕಣ್ಣು ತೆರೆದಿರಲಿ, ಆದರೆ ಕೈ ಚುರುಕಾಗಿ ಕೊಲ್ಲದಿರಲಿ

ಪ್ರತಿ ಪೂಲ್‌ಗೆ ಒಂದು ಹೆಸರು ಕೊಡಿ. ಪೋಸ್ಟ್‌ಗ್ರೆಸ್‌ನಲ್ಲಿ 'ಅಪ್ಲಿಕೇಶನ್ ನೇಮ್' ತುಂಬಿದರೆ ಯಾರ ಕನೆಕ್ಷನ್ ಎಂಬುದು ಡೇಟಾಬೇಸ್ ಕಡೆಯಿಂದಲೇ ಕಾಣುತ್ತದೆ. ಬಳಕೆಯಲ್ಲಿ ಎಷ್ಟು, ಸುಮ್ಮನೆ ಎಷ್ಟು, ಸಾಲಿನಲ್ಲಿ ಕಾಯುತ್ತಿರುವವರು ಎಷ್ಟು ಎಂಬ ಮೂರು ಅಂಕಿ ಸದಾ ಕಣ್ಣೆದುರಿರಲಿ. ಮೂರನೆಯದು ಸೊನ್ನೆ ಬಿಟ್ಟು ಏಳತೊಡಗಿದರೆ ಅದೇ ಮೊದಲ ಎಚ್ಚರಿಕೆ. ಯಾವ ಹೋಸ್ಟ್‌ಗೆ ಸಂಪರ್ಕವಾಯಿತು ಎಂದು ಲಾಗ್‌ನಲ್ಲಿ ಬರೆಯಿರಿ. ಪಾಸ್‌ವರ್ಡ್ ಮಾತ್ರ ಬೇಡ.

ಕ್ಯೂಬರ್ನೆಟಿಸ್‌ನಲ್ಲಿ 'ಬದುಕಿದ್ದೀಯಾ' ಎಂಬ ಲೈವ್‌ನೆಸ್ ಪರೀಕ್ಷೆಗೆ ಡೇಟಾಬೇಸ್ ಕ್ವೆರಿ ಸೇರಿಸಬೇಡಿ. ಸೇರಿಸಿದರೆ ಡೇಟಾಬೇಸ್ ಅರ್ಧ ನಿಮಿಷ ಮಂಕಾದಾಗ ಎಲ್ಲ ಪಾಡ್‌ಗಳೂ ರೀಸ್ಟಾರ್ಟ್ ಆಗಿ, ಎಲ್ಲವೂ ಒಟ್ಟಿಗೆ ಹೊಸ ಕನೆಕ್ಷನ್ ಕೇಳುತ್ತವೆ. ಜ್ವರ ಬಂದವನ ಮೇಲೆ ಮೂಟೆ ಹೊರಿಸಿದಂತೆ.

15. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಬೇಡ

ಫೇಲೋವರ್ ಅನ್ನು ಮೊದಲ ಸಲ ನೋಡುವುದು ಮಧ್ಯರಾತ್ರಿ ಎರಡು ಗಂಟೆಗೆ ಆಗಬಾರದು. ಟೆಸ್ಟ್ ಕ್ಲಸ್ಟರ್‌ನಲ್ಲಿ, ಆಮೇಲೆ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಪ್ರೊಡಕ್ಷನ್‌ನಲ್ಲಿ, ಅಭ್ಯಾಸ ಮಾಡಿ. ನೆಟ್‌ಫ್ಲಿಕ್ಸ್ 2012ರಲ್ಲಿ ಎಲ್ಲರಿಗೂ ತೆರೆದುಕೊಟ್ಟ 'ಕೇಯಾಸ್ ಮಂಕಿ' ಇದೇ ಕೆಲಸಕ್ಕೆ ಹುಟ್ಟಿದ್ದು: ಓಡುತ್ತಿರುವ ಸರ್ವರ್‌ಗಳನ್ನು ಬೇಕೆಂದೇ ಕೊಂದು ವ್ಯವಸ್ಥೆ ತಾಳುತ್ತದೆಯೇ ನೋಡುವುದು.

ಎರಡು ಬಗೆಯಲ್ಲಿ ಬೀಳಿಸಿ ನೋಡಿ. ಒಂದು, ಡೇಟಾಬೇಸನ್ನು ಮರ್ಯಾದೆಯಿಂದ ನಿಲ್ಲಿಸುವುದು. ಇನ್ನೊಂದು, ಫೈರ್‌ವಾಲ್‌ನಲ್ಲಿ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ನುಂಗಿಹಾಕುವುದು. ಮೊದಲನೆಯದರಲ್ಲಿ ಎಲ್ಲರೂ ಪಾಸಾಗುತ್ತಾರೆ. ಆರನೇ ಸೂತ್ರ ಓದಿದವರು ಮಾತ್ರ ಎರಡನೆಯದರಲ್ಲಿ ಪಾಸಾಗುತ್ತಾರೆ. ಪ್ರೈಮರಿ ಹೋದ ಕ್ಷಣದಿಂದ ಹೊಸ ಪ್ರೈಮರಿಗೆ ಮೊದಲ ಬರಹ ಸೇರಿದ ಕ್ಷಣದವರೆಗೆ ಗಡಿಯಾರ ಹಿಡಿದು ಅಳೆಯಿರಿ. ಆ ಅಂಕಿಯೇ ನಿಮ್ಮ ವ್ಯವಸ್ಥೆಯ ನಿಜವಾದ ಅಂಕಪಟ್ಟಿ.

ಹದಿನೈದನ್ನೂ ಒಂದೇ ವಾರದಲ್ಲಿ ಮಾಡಲು ಹೊರಡಬೇಡಿ. ನಾಳೆ ಕೆಲಸಕ್ಕೆ ಹೋದಾಗ ಮೂರು ಅಂಕಿ ಹುಡುಕಿ ಒಂದು ಕಾಗದದಲ್ಲಿ ಬರೆದುಕೊಳ್ಳಿ: ನಿಮ್ಮ ಸಾಕೆಟ್ ಟೈಮ್‌ಔಟ್ ಎಷ್ಟು, ಕನೆಕ್ಷನ್‌ನ ಆಯಸ್ಸು ಎಷ್ಟು, ಎಲ್ಲ ಸರ್ವರ್‌ಗಳ ಪೂಲ್ ಕೂಡಿಸಿದರೆ ಒಟ್ಟು ಎಷ್ಟು. ಇವುಗಳಲ್ಲಿ ಒಂದಕ್ಕೆ 'ಗೊತ್ತಿಲ್ಲ' ಎಂಬ ಉತ್ತರ ಬಂದರೂ ಕೆಲಸವನ್ನು ಅಲ್ಲಿಂದಲೇ ಶುರುಮಾಡಿ.